ವಾರೋಡ್: ಮಕ್ಕಳಿಗೆ ಐಸ್ ಬಿಟ್ಟುಕೊಟ್ಟ ಊರು

ಅಮೆರಿಕದ ಮಿನ್ನೆಸೋಟ ರಾಜ್ಯದ ತೀರಾ ಉತ್ತರದ ಅಂಚಿನಲ್ಲಿ ವಾರೋಡ್ ಎಂಬ ಊರಿದೆ. ಅಲ್ಲಿಂದ ಹತ್ತು ಕಿಲೋಮೀಟರ್ ಹೋದರೆ ಕೆನಡಾ. ಪಕ್ಕದಲ್ಲೇ ಸಮುದ್ರದಂತೆ ಹರಡಿಕೊಂಡ ‘ಲೇಕ್ ಆಫ್ ದ ವುಡ್ಸ್’ ಸರೋವರ. 2020ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ 1,830. ನಮ್ಮಲ್ಲಿ ಇಷ್ಟೇ ಜನರಿರುವ ಊರಿನಲ್ಲಿ ಬಸ್ಸು ನಿಲ್ಲುವುದೇ ಅನುಮಾನ.

ಇಷ್ಟು ಸಣ್ಣ ಊರು ಕನಿಷ್ಠ ಏಳು ಮಂದಿ ಒಲಿಂಪಿಕ್ ಐಸ್ ಹಾಕಿ ಆಟಗಾರರನ್ನು ಕೊಟ್ಟಿದೆ. ಅಮೆರಿಕದ ಪುರುಷರ ತಂಡ 1960ರಲ್ಲಿ ಚಿನ್ನ ಗೆದ್ದಾಗ ತಂಡದಲ್ಲಿ ವಾರೋಡ್‌ನ ಇಬ್ಬರಿದ್ದರು. 1980ರಲ್ಲಿ ಮತ್ತೆ ಗೆದ್ದಾಗ ಅವರಲ್ಲೊಬ್ಬರ ಮಗನಿದ್ದ. 2018ರಲ್ಲಿ ಮಹಿಳೆಯರ ತಂಡ ಚಿನ್ನ ತಂದಾಗಲೂ ಅಲ್ಲಿ ಈ ಊರಿನ ಒಬ್ಬಳಿದ್ದಳು. ಇದನ್ನೆಲ್ಲ ಲೆಕ್ಕ ಹಾಕಿಯೇ ಊರಿನವರು ತಮ್ಮನ್ನು ‘ಹಾಕಿಟೌನ್ ಯುಎಸ್‌ಎ’ ಎಂದು ಕರೆದುಕೊಳ್ಳುತ್ತಾರೆ. ಅದು ಬರೀ ಜಂಬ ಎಂದು ತಳ್ಳಿಹಾಕುವವರು ಅಮೆರಿಕದಲ್ಲಿ ಹೆಚ್ಚು ಸಿಗುವುದಿಲ್ಲ.

ಇಷ್ಟು ಆಟಗಾರರು ಒಂದೇ ಊರಿನಿಂದ ಬಂದದ್ದು ಹೇಗೆ? ಚಳಿ ಕಾರಣವೆಂದರೆ ಉತ್ತರ ಅಮೆರಿಕದಲ್ಲಿ ಚಳಿಯಿರುವ ಊರುಗಳು ಸಾವಿರಾರಿವೆ. ರಕ್ತಗುಣ ಎನ್ನಲು ಆಟಗಾರರೆಲ್ಲ ಒಂದೇ ಮನೆಯವರಲ್ಲ, ಒಂದೇ ಜನಾಂಗದವರೂ ಅಲ್ಲ. ವಾರೋಡ್‌ನಲ್ಲಿ ಸುಮಾರು ಎಂಬತ್ತು ವರ್ಷಗಳಿಂದ ನಡೆದುಬಂದಿರುವುದು ಒಂದು ವ್ಯವಸ್ಥೆ. ಅದರ ಕಥೆ ಒಂದು ಹವ್ಯಾಸಿ ತಂಡದಿಂದ ಶುರುವಾಗುತ್ತದೆ.

ಹೆಪ್ಪುಗಟ್ಟಿದ ನದಿಯಿಂದ ಸೂರಿನಡಿಗೆ

ನಾವು ಹಾಕಿ ಎನ್ನುವ ಆಟಕ್ಕೂ ಐಸ್ ಹಾಕಿಗೂ ಹೆಸರು, ಸ್ಟಿಕ್ಕು, ಗೋಲು ಬಿಟ್ಟರೆ ಹೋಲಿಕೆ ಕಡಿಮೆ. ಇಲ್ಲಿ ಒಂದೊಂದು ಕಡೆ ಗೋಲಿಯೂ ಸೇರಿ ಆರು ಜನ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟ್ಸ್. ಚೆಂಡಿನ ಬದಲು ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ. ಅದಕ್ಕೆ ‘ಪಕ್’ ಎನ್ನುತ್ತಾರೆ. ಮೂರಂಗುಲ ಅಗಲ, ಸುಮಾರು 170 ಗ್ರಾಂ ತೂಕ. ದೊಡ್ಡವರ ಪಂದ್ಯದಲ್ಲಿ ಇಪ್ಪತ್ತು ನಿಮಿಷಗಳ ಮೂರು ಅವಧಿ. ಓಟದ ವೇಗ ಎಷ್ಟೆಂದರೆ, ಒಬ್ಬ ಆಟಗಾರ ಒಂದು ನಿಮಿಷದೊಳಗೇ ಏದುಸಿರು ಬಿಡುತ್ತಾ ಬೆಂಚಿಗೆ ಮರಳುತ್ತಾನೆ, ಅವನ ಜಾಗಕ್ಕೆ ಇನ್ನೊಬ್ಬ ಇಳಿಯುತ್ತಾನೆ.

ಆದ್ದರಿಂದ ಈ ಆಟದಲ್ಲಿ ಮೊದಲು ಕಲಿಯಬೇಕಾದ್ದು ಸ್ಕೇಟಿಂಗ್. ಅದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಐಸ್ ಮೇಲೆ ಎಷ್ಟು ಗಂಟೆ ಕಳೆದಿರಿ ಎಂಬುದೇ ಲೆಕ್ಕ. ವಾರೋಡ್‌ನಲ್ಲಿ ಚಳಿಗಾಲದ ರಾತ್ರಿ ಪಾದರಸ ಮೈನಸ್ 30 ಡಿಗ್ರಿಗೆ ಇಳಿಯುವುದುಂಟು. ನದಿ, ಸರೋವರ ಎರಡೂ ತಿಂಗಳುಗಟ್ಟಲೆ ಕಲ್ಲಿನಂತೆ ಗಟ್ಟಿಯಾಗಿರುತ್ತವೆ. ಹಳೆಯ ತಲೆಮಾರಿನ ಹುಡುಗರು ಕಲಿತದ್ದು ಆ ನದಿಯ ಮೇಲೆಯೇ. ಹಿಮ ಗೋರಿ ಪಕ್ಕಕ್ಕೆ ಹಾಕಿದರೆ ಮೈದಾನ ಸಿದ್ಧ.

ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೆ ಊರಿಗೆ ಮರಳಿದ ಯುವಕರಲ್ಲಿ ಕ್ಯಾಲ್ ಮಾರ್ವಿನ್ ಒಬ್ಬ. ನಾರ್ತ್ ಡಕೋಟ ವಿಶ್ವವಿದ್ಯಾಲಯದಲ್ಲಿ ಹಾಕಿ ತಂಡ ಕಟ್ಟಲು ಕೈಜೋಡಿಸಿದ್ದ ಈತ, ಊರಿನಲ್ಲಿ ‘ವಾರೋಡ್ ಲೇಕರ್ಸ್’ ಎಂಬ ದೊಡ್ಡವರ ಹವ್ಯಾಸಿ ತಂಡ ಶುರುಮಾಡಿದ. ಬಡಗಿ, ಅಂಗಡಿಯವ, ಕಾರ್ಖಾನೆ ಕೆಲಸಗಾರ ಎಲ್ಲರೂ ದುಡಿಮೆ ಮುಗಿಸಿ ಬಂದು ಆಡುವವರು. 1949ರಲ್ಲಿ ಊರಿಗೊಂದು ಸೂರಿರುವ ರಿಂಕ್ ಬಂತು: ಮೆಮೋರಿಯಲ್ ಅರೀನಾ. ಗಾಳಿ, ಹಿಮಪಾತ ಏನೇ ಇರಲಿ, ಆಟ ನಿಲ್ಲದಂತಾಯಿತು.

ಲೇಕರ್ಸ್‌ನಿಂದ ಊರಿಗಾದ ದೊಡ್ಡ ಲಾಭ ಮಕ್ಕಳದ್ದು. ಟಿವಿ ಮನೆಮನೆಗೆ ಬರುವ ಮೊದಲೇ ಅಲ್ಲಿನ ಹುಡುಗರಿಗೆ ಒಳ್ಳೆಯ ಹಾಕಿ ಕಣ್ಣೆದುರೇ ನೋಡಲು ಸಿಗುತ್ತಿತ್ತು. ಶನಿವಾರ ರಾತ್ರಿ ಗೋಲು ಹೊಡೆದವನು ಸೋಮವಾರ ಬೆಳಿಗ್ಗೆ ಪಕ್ಕದ ಬೀದಿಯಲ್ಲಿ ಮನೆ ಕಟ್ಟುತ್ತಿರುತ್ತಿದ್ದ. ಹತ್ತಿರದ ದೊಡ್ಡ ಅಮೆರಿಕನ್ ನಗರಕ್ಕಿಂತ ಕೆನಡಾವೇ ಸಮೀಪವಾದ್ದರಿಂದ ಲೇಕರ್ಸ್ ಗಡಿ ದಾಟಿ ಕೆನಡಾ ತಂಡಗಳ ಮೇಲೆ ಆಡಿತು. ಕೆನಡಾದ ಹಿರಿಯರ ಹವ್ಯಾಸಿ ಹಾಕಿಯ ಅತ್ಯುನ್ನತ ಟ್ರೋಫಿಯಾದ ಅಲನ್ ಕಪ್ಪನ್ನು 1994, 1995, 1996ರಲ್ಲಿ ಸತತವಾಗಿ ಮೂರು ಸಲ ಗೆದ್ದಿತು. ಮರುವರ್ಷ, 1997ರಲ್ಲಿ, ಅರ್ಧ ಶತಮಾನ ಆಡಿದ ತಂಡ ಬಾಗಿಲು ಹಾಕಿತು.

ಕ್ಯಾಲ್ ಮಾರ್ವಿನ್ 1958ರಲ್ಲಿ ಅಮೆರಿಕದ ರಾಷ್ಟ್ರೀಯ ತಂಡದ ಹೊಣೆ ಹೊತ್ತು ವಿಶ್ವ ಚಾಂಪಿಯನ್‌ಷಿಪ್‌ಗೆ ಹೋದ. ಶೀತಲ ಸಮರದ ಆ ದಿನಗಳಲ್ಲಿ ಆ ತಂಡ ಮಾಸ್ಕೋಗೂ ಹೋಗಿ ಆಡಿಬಂತು. 1982ರಲ್ಲಿ ಅಮೆರಿಕದ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದ ಆತ 2004ರಲ್ಲಿ ತೀರಿಕೊಂಡ.

ಬಡಗಿ ಅಣ್ಣತಮ್ಮಂದಿರು

ಕ್ರಿಶ್ಚಿಯನ್ ಎಂಬುದು ಇಲ್ಲಿನ ಒಂದು ಮನೆತನದ ಹೆಸರು. ಆ ಮನೆಯ ಗಾರ್ಡನ್ 1956ರ ಕೊರ್ಟಿನಾ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಅಮೆರಿಕ ತಂಡದಲ್ಲಿದ್ದ. ನಾಲ್ಕು ವರ್ಷಗಳ ಬಳಿಕ ಅವನ ತಮ್ಮಂದಿರಾದ ರೋಜರ್ ಮತ್ತು ಬಿಲ್ ಕ್ಯಾಲಿಫೋರ್ನಿಯಾದ ಸ್ಕ್ವಾ ವ್ಯಾಲಿ ಒಲಿಂಪಿಕ್ಸ್‌ಗೆ ಹೋದರು. ಇಬ್ಬರೂ ಕಸುಬಿನಲ್ಲಿ ಬಡಗಿಗಳು.

ಆ ಸಲ ಅಮೆರಿಕ ಗೆಲ್ಲುತ್ತದೆಂದು ಯಾರೂ ಎಣಿಸಿರಲಿಲ್ಲ. ಕೆನಡಾವನ್ನು 2–1ರಿಂದ ಸೋಲಿಸಿದ ಮೇಲೆ ಎದುರಾದದ್ದು ಸೋವಿಯತ್ ತಂಡ. ಆಟ 2–2ರಲ್ಲಿ ನಿಂತಿತ್ತು. ಮೂರನೇ ಅವಧಿ ಮುಗಿಯಲು ಐದು ನಿಮಿಷವಿದ್ದಾಗ ರೋಜರ್ ಕೊಟ್ಟ ಪಾಸನ್ನು ಬಿಲ್ ಗೋಲಾಗಿಸಿದ. ಆ ಪಂದ್ಯದ ಸಮಬಲದ ಗೋಲೂ ಅವನದೇ ಆಗಿತ್ತು. ಅಮೆರಿಕ 3–2ರಿಂದ ಗೆದ್ದಿತು.

ಮರುದಿನ ಬೆಳಿಗ್ಗೆಯೇ ಚೆಕೊಸ್ಲೊವಾಕಿಯಾ ಜೊತೆ ಕೊನೆಯ ಪಂದ್ಯ. ಹಿಂದಿನ ದಿನದ ಆಯಾಸಕ್ಕೆ ಬಸವಳಿದ ಅಮೆರಿಕನ್ನರು ಎರಡು ಅವಧಿ ಮುಗಿದಾಗ 3–4ರಿಂದ ಹಿಂದಿದ್ದರು. ವಿರಾಮದಲ್ಲಿ ಸೋವಿಯತ್ ನಾಯಕ ಸೊಲೊಗುಬೊವ್ ಅವರ ಕೋಣೆಗೆ ಬಂದು, ಆಮ್ಲಜನಕ ತೆಗೆದುಕೊಳ್ಳಿ ಎಂದು ಕೈಸನ್ನೆಯಲ್ಲೇ ಸಲಹೆ ಕೊಟ್ಟ. ಕೊನೆಯ ಅವಧಿಯಲ್ಲಿ ಅಮೆರಿಕ ಆರು ಗೋಲು ಹೊಡೆದು 9–4ರಿಂದ ಗೆದ್ದಿತು. ಅವುಗಳಲ್ಲಿ ಮೂರು ರೋಜರ್‌ನವು. ಇಡೀ ಪಂದ್ಯದಲ್ಲಿ ಅವನದು ನಾಲ್ಕು ಗೋಲು.

ಚಿನ್ನ ಗೆದ್ದವರು ಊರಿಗೆ ಬಂದು ಮತ್ತೆ ಉಳಿ, ಗರಗಸ ಹಿಡಿದರು. ಆಗ ಒಲಿಂಪಿಕ್ ಹಾಕಿಯಲ್ಲಿ ಹಣವಿರಲಿಲ್ಲ. 1964ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲೂ ಇಬ್ಬರೂ ಆಡಿದರು. ಅದೇ ವರ್ಷ ಮರಗೆಲಸ ಮತ್ತು ಹಾಕಿ ಎರಡನ್ನೂ ಕೂಡಿಸಿ ‘ಕ್ರಿಶ್ಚಿಯನ್ ಬ್ರದರ್ಸ್’ ಎಂಬ ಸ್ಟಿಕ್ ಕಾರ್ಖಾನೆ ತೆರೆದರು. ಹಾಕಿ ಆಟಗಾರರೇ ಮಾಡಿದ ಹಾಕಿ ಸ್ಟಿಕ್ ಎಂಬುದು ಅವರ ಜಾಹೀರಾತಿನ ಮಾತು. ಬ್ಲೇಡಿನ ಬಾಗು ಎಷ್ಟಿರಬೇಕು, ಹಿಡಿ ಎಷ್ಟು ಬಳುಕಬೇಕು ಎಂದು ಹೇಳಲು ಅವರಿಗೆ ಹೊರಗಿನ ತಜ್ಞರು ಬೇಕಿರಲಿಲ್ಲ. ವಾರೋಡ್‌ನ ಮರದ ಸ್ಟಿಕ್ಕುಗಳು ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ಆಟಗಾರರ ಕೈ ಸೇರಿದವು. ಮರದ ಜಾಗಕ್ಕೆ ಕಾರ್ಬನ್ ನಾರಿನ ಹಗುರ ಸ್ಟಿಕ್ ಬಂದ ಕಾಲದಲ್ಲಿ ಆ ಉದ್ಯಮ ಇಳಿಮುಖವಾಗಿ ಕೊನೆಗೆ ನಿಂತುಹೋಯಿತು.

ಬಾಡಿಗೆ ಇಲ್ಲದ ರಿಂಕ್

ಇನ್ನು ಮಕ್ಕಳ ವ್ಯವಸ್ಥೆಯ ವಿಚಾರ. ಅಮೆರಿಕದಲ್ಲಿ ಐಸ್ ಹಾಕಿ ದುಬಾರಿ ಆಟ. ಹೆಲ್ಮೆಟ್, ಪ್ಯಾಡ್, ಸ್ಕೇಟ್ಸ್ ಹಾಗಿರಲಿ, ದೊಡ್ಡ ಖರ್ಚು ಐಸಿನದು. ಕೃತಕವಾಗಿ ಹೆಪ್ಪುಗಟ್ಟಿಸಿದ ರಿಂಕನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಆ ಹಣ ಮಕ್ಕಳ ಶುಲ್ಕದಿಂದಲೇ ಬರಬೇಕು. ದೂರದೂರಿಗೆ ಹೋಗಿ ಆಡುವ ತಂಡಕ್ಕೆ ಮಗು ಆಯ್ಕೆಯಾದರೆ ತಂದೆತಾಯಿ ವರ್ಷಕ್ಕೆ ಸಾವಿರಾರು ಡಾಲರ್ ತೆರಬೇಕು. ಕೈಯಲ್ಲಿ ಕಾಸಿಲ್ಲದ ಮನೆಯ ಮಗು ಆಟ ಕಲಿಯುವ ಮೊದಲೇ ಹೊರಗುಳಿಯುತ್ತದೆ.

ವಾರೋಡ್‌ನಲ್ಲಿ ಮಕ್ಕಳು ಐಸ್‌ಗೆ ಬಾಡಿಗೆ ಕೊಡುವುದಿಲ್ಲ. ತಂಡದ ಅಭ್ಯಾಸಕ್ಕೆ ಇಂತಿಷ್ಟು ಹೊತ್ತು ಎಂದಿದ್ದರೂ ಉಳಿದ ಸಮಯದಲ್ಲಿ ರಿಂಕ್ ಮಕ್ಕಳಿಗೆ ಬಿಟ್ಟದ್ದು. ಕೋಚ್ ಇಲ್ಲ, ಸೀಟಿ ಇಲ್ಲ, ಅಂಕಪಟ್ಟಿ ಇಲ್ಲ. ಎಂಟರ ಪೋರನೂ ಹದಿನಾರರ ಹುಡುಗನೂ ಒಂದೇ ಪಕ್ಕಿನ ಹಿಂದೆ ಬೀಳುತ್ತಾರೆ. ಚಿಕ್ಕವನಿಗೆ ಪಕ್ ಸಿಗಬೇಕಾದರೆ ದೊಡ್ಡವನಿಗಿಂತ ಮುಂದಾಗಿ ಯೋಚಿಸಬೇಕು. ಆ ಚಾಕಚಕ್ಯತೆ ಹೇಳಿಕೊಟ್ಟು ಬರುವಂಥದ್ದಲ್ಲ.

ಮಕ್ಕಳ ಹಾಕಿಯಲ್ಲಿ ವಯಸ್ಸಿನ ಪ್ರಕಾರ ಮೆಟ್ಟಿಲುಗಳಿವೆ. ಎಂಟು ವರ್ಷದೊಳಗಿನವರು ಮೈಟ್, ಹತ್ತರೊಳಗಿನವರು ಸ್ಕ್ವರ್ಟ್, ಹನ್ನೆರಡರೊಳಗೆ ಪೀವೀ, ಹದಿನಾಲ್ಕರೊಳಗೆ ಬ್ಯಾಂಟಮ್. ಆಮೇಲೆ ಹೈಸ್ಕೂಲ್ ತಂಡ. ಮಿನ್ನೆಸೋಟದ ವಿಶೇಷವೆಂದರೆ ಮಗು ತಾನಿರುವ ಊರಿನ ಇಲ್ಲವೇ ಓದುವ ಶಾಲೆಯ ವ್ಯಾಪ್ತಿಯ ಸಂಘಕ್ಕೇ ಆಡಬೇಕು. ಪ್ರತಿಭಾವಂತರನ್ನು ಹೆಕ್ಕಿ ಒಯ್ಯುವ ಖಾಸಗಿ ಕ್ಲಬ್ಬುಗಳಿಗೆ ಅಲ್ಲಿ ಅವಕಾಶ ಕಡಿಮೆ. ಹಾಗಾಗಿ ಆರನೇ ವಯಸ್ಸಿನಲ್ಲಿ ಒಟ್ಟಿಗೆ ಬಿದ್ದು ಎದ್ದ ಮಕ್ಕಳೇ ಹದಿನೆಂಟಕ್ಕೆ ಶಾಲೆಯ ಅಂಗಿ ತೊಟ್ಟು ಒಟ್ಟಿಗೆ ಆಡುತ್ತಾರೆ. ಕಲಿಸುವವರಲ್ಲಿ ಬಹುಪಾಲು ಅದೇ ದಾರಿಯಲ್ಲಿ ಬೆಳೆದ ಹಳಬರು, ಸಂಬಳವಿಲ್ಲದ ಅಪ್ಪಂದಿರು, ಅಮ್ಮಂದಿರು.

ಊರು ಚಿಕ್ಕದಾಗಿರುವುದೂ ಒಂದು ಅನುಕೂಲ. ಮಹಾನಗರದಲ್ಲಿ ನೂರು ಮಕ್ಕಳು ಬಂದರೆ ಹದಿನೈದು ಜನರನ್ನು ಉಳಿಸಿಕೊಂಡು ಉಳಿದವರನ್ನು ಮನೆಗೆ ಕಳಿಸುತ್ತಾರೆ. ವಾರೋಡ್‌ನಲ್ಲಿ ಹಾಗೆ ಮಾಡಿದರೆ ತಂಡವೇ ಆಗುವುದಿಲ್ಲ. ನಿಧಾನವಾಗಿ ಬೆಳೆಯುವ ಮಗುವಿಗೂ ಕಾಯುತ್ತಾರೆ. ಕೆನಡಾದ ಸಂಶೋಧಕ ಜಾನ್ ಕೋಟೆ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪುಷ್ಟಿ ಕೊಡುತ್ತದೆ. ಐದು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಹುಟ್ಟಿದವರಿಗಿಂತ ಸಣ್ಣ ಊರುಗಳಲ್ಲಿ ಹುಟ್ಟಿದವರೇ, ಜನಸಂಖ್ಯೆಯ ಪ್ರಮಾಣಕ್ಕೆ ಹೋಲಿಸಿದರೆ, ವೃತ್ತಿಪರ ಹಾಕಿಯಲ್ಲಿ ಹೆಚ್ಚು ಮುಂದೆ ಬಂದಿದ್ದರು.

1969ರ ಫೈನಲ್

ಮಿನ್ನೆಸೋಟದಲ್ಲಿ ಹೈಸ್ಕೂಲ್ ಹಾಕಿಯ ರಾಜ್ಯ ಟೂರ್ನಿ 1945ರಲ್ಲಿ ಶುರುವಾಯಿತು. ಆಗೆಲ್ಲ ದೊಡ್ಡ ಶಾಲೆ, ಸಣ್ಣ ಶಾಲೆ ಎಂಬ ಭೇದವಿರಲಿಲ್ಲ. ಎಲ್ಲರಿಗೂ ಒಂದೇ ಕಪ್. 1969ರಲ್ಲಿ ವಾರೋಡ್ ಫೈನಲ್ ತಲುಪಿತು. ಎದುರಿಗೆ ಮಿನ್ನಿಯಾಪೊಲಿಸ್ ನಗರದ ಪಕ್ಕದ ಸಿರಿವಂತ ಬಡಾವಣೆಯಾದ ಈಡೈನಾದ ಶಾಲೆ.

ವಾರೋಡ್‌ನ ಬಲ ಹೆನ್ರಿ ಬೂಶೆ. ಆ ನೆಲದ ಮೂಲನಿವಾಸಿಗಳಾದ ಒಜಿಬ್ವೆ ಜನಾಂಗದ ಹುಡುಗ. ರಕ್ಷಣಾ ಆಟಗಾರನಾಗಿದ್ದರೂ ಹೆಚ್ಚುಕಡಿಮೆ ಇಡೀ ಪಂದ್ಯ ಐಸ್ ಬಿಟ್ಟು ಇಳಿಯುತ್ತಿರಲಿಲ್ಲ. ಪಕ್ ಹಿಡಿದು ತುದಿಯಿಂದ ತುದಿಗೆ ಸಾಗುತ್ತಿದ್ದ. ಆದರೆ ಎರಡನೇ ಅವಧಿಯಲ್ಲಿ ಎದುರಾಳಿಯ ಡಿಕ್ಕಿಗೆ ರಿಂಕಿನ ಗೋಡೆಗೆ ಅಪ್ಪಳಿಸಿ ಬಿದ್ದ. ಕಿವಿಯ ತಮಟೆ ಹರಿದಿತ್ತು. ಅವನನ್ನು ಆಸ್ಪತ್ರೆಗೆ ಒಯ್ದರು. ನಾಯಕನಿಲ್ಲದ ಹುಡುಗರು ಜಗ್ಗಲಿಲ್ಲ. ಸಮಬಲ ಮಾಡಿಕೊಂಡು ಪಂದ್ಯವನ್ನು ಹೆಚ್ಚುವರಿ ಅವಧಿಗೆ ಒಯ್ದರು. ಅಲ್ಲಿ 5–4ರಿಂದ ಸೋತರು. ಕಪ್ ಈಡೈನಾಕ್ಕೆ ಹೋಯಿತು. ಮಿನ್ನೆಸೋಟದ ಹಳಬರು ಆ ಪಂದ್ಯದ ಮಾತೆತ್ತಿದರೆ ಇವತ್ತಿಗೂ ಮೊದಲು ಬರುವುದು ಸೋತ ತಂಡದ ಹೆಸರು.

ಬೂಶೆ 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದು ವೃತ್ತಿಪರ ಹಾಕಿಗೆ ಹೋದ. ತಲೆಗೆ ಪಟ್ಟಿ ಕಟ್ಟಿಕೊಂಡು ಆಡುವ ಅವನನ್ನು ಅವನ ತಂಡದ ಊರಾದ ಡೆಟ್ರಾಯ್ಟ್‌ನ ಜನ ಮೆಚ್ಚಿದರು. 1975ರ ಜನವರಿಯಲ್ಲಿ ಎದುರಾಳಿ ಆಟಗಾರನೊಬ್ಬ ಸ್ಟಿಕ್ಕಿನ ತುದಿಯಿಂದ ಹೊಡೆದ ಏಟಿಗೆ ಕಣ್ಣು ಘಾಸಿಯಾಗಿ ಅವನ ಆಟ ಬಹುಬೇಗ ಮುಗಿಯಿತು. ಆ ಪ್ರಕರಣ ಕ್ರಿಮಿನಲ್ ನ್ಯಾಯಾಲಯದ ಮೆಟ್ಟಿಲೇರಿತು. ತೀರ್ಪುಗಾರರು ಒಮ್ಮತಕ್ಕೆ ಬರಲಿಲ್ಲ. ಬೂಶೆ ಮುಂದೆ ಊರಿಗೆ ಮರಳಿ, ಶಾಲೆಯಲ್ಲಿ ಮೂಲನಿವಾಸಿ ಮಕ್ಕಳ ಶಿಕ್ಷಣದ ಕೆಲಸ ಮಾಡಿದ. 2023ರಲ್ಲಿ, 72ನೇ ವಯಸ್ಸಿನಲ್ಲಿ ನಿಧನನಾದ.

ಮಗ, ನೆಂಟ, ಮೊಮ್ಮಗಳು

1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಕಾಲೇಜು ಹುಡುಗರ ಅಮೆರಿಕ ತಂಡ ಅಜೇಯವೆನಿಸಿದ್ದ ಸೋವಿಯತ್ ತಂಡವನ್ನು 4–3ರಿಂದ ಸೋಲಿಸಿದ್ದು ಕ್ರೀಡಾ ಇತಿಹಾಸದ ದೊಡ್ಡ ಅಚ್ಚರಿಗಳಲ್ಲಿ ಒಂದು. ಆ ತಂಡದಲ್ಲಿದ್ದ ಇಪ್ಪತ್ತು ವರ್ಷದ ಡೇವ್ ಕ್ರಿಶ್ಚಿಯನ್, 1960ರ ಬಿಲ್‌ನ ಮಗ. ಮುಂಚೂಣಿ ಆಟಗಾರನಾಗಿದ್ದ ಅವನನ್ನು ಕೋಚ್ ಹರ್ಬ್ ಬ್ರೂಕ್ಸ್ ರಕ್ಷಣೆಗೆ ಹಾಕಿದರು. ಗೊಣಗದೆ ಆಡಿದ ಡೇವ್ ಒಂದೂ ಗೋಲು ಹೊಡೆಯಲಿಲ್ಲ. ಆದರೆ ಎಂಟು ಗೋಲುಗಳಿಗೆ ಪಾಸು ಕೊಟ್ಟ. ಮುಂದೆ ಎನ್‌ಎಚ್‌ಎಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪಂದ್ಯ ಆಡಿದ. ಇದೇ ಬಿಲ್‌ನ ಮೊಮ್ಮಗ ಬ್ರಾಕ್ ನೆಲ್ಸನ್ ಕೂಡ ಎನ್‌ಎಚ್‌ಎಲ್ ಆಟಗಾರ.

ಬೂಶೆಯ ನೆಂಟನಾದ ಟಿ.ಜೆ. ಓಶಿ ವಾಷಿಂಗ್ಟನ್ ರಾಜ್ಯದಿಂದ ಹೈಸ್ಕೂಲ್ ಓದಲು ವಾರೋಡ್‌ಗೆ ಬಂದವನು. ಅವನಿದ್ದಾಗ ಶಾಲೆ 2003 ಮತ್ತು 2005ರಲ್ಲಿ ಸಣ್ಣ ಶಾಲೆಗಳ ವಿಭಾಗದ ರಾಜ್ಯ ಪ್ರಶಸ್ತಿ ಗೆದ್ದಿತು. ಅದಕ್ಕೂ ಮೊದಲು 1994, 1996ರಲ್ಲಿ ಗೆದ್ದಿತ್ತು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ರಷ್ಯಾ ಎದುರು ಸಮಬಲ ಮುರಿಯಲು ಒಬ್ಬೊಬ್ಬರೇ ಗೋಲಿಯ ಎದುರು ಹೊಡೆಯುವ ಶೂಟೌಟ್ ಬಂದಾಗ, ಮೊದಲ ಮೂರು ಸುತ್ತಿನ ಬಳಿಕ ಒಬ್ಬನನ್ನೇ ಮತ್ತೆ ಮತ್ತೆ ಕಳಿಸಬಹುದೆಂಬ ನಿಯಮ ಬಳಸಿಕೊಂಡು ಅಮೆರಿಕದ ಕೋಚ್ ಓಶಿಯನ್ನೇ ಆರು ಸಲ ಕಳಿಸಿದರು. ನಾಲ್ಕು ಸಲ ಗೋಲು ಬಿತ್ತು.

ಹೆಣ್ಣುಮಕ್ಕಳ ಹೈಸ್ಕೂಲ್ ಹಾಕಿಗೆ ಅಮೆರಿಕದಲ್ಲೇ ಮೊದಲ ಅಧಿಕೃತ ರಾಜ್ಯ ಟೂರ್ನಿ ನಡೆಸಿದ್ದು ಮಿನ್ನೆಸೋಟ, 1995ರಲ್ಲಿ. ಕ್ಯಾಲ್ ಮಾರ್ವಿನ್‌ನ ಮೊಮ್ಮಗಳು ಜೀಜಿ ಮಾರ್ವಿನ್ ಆ ಹೊಸ ಬಾಗಿಲಿನಿಂದ ಬಂದವಳು. 2010, 2014ರ ಒಲಿಂಪಿಕ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದಳು. ಎರಡು ಸಲವೂ ಕೆನಡಾ ಎದುರು ಫೈನಲ್‌ನಲ್ಲಿ ಸೋಲು. 2018ರಲ್ಲಿ ಪ್ಯಾಂಗ್‌ಚಾಂಗ್‌ನಲ್ಲಿ ಮತ್ತೆ ಕೆನಡಾ. ಪಂದ್ಯ ಶೂಟೌಟಿಗೆ ಹೋದಾಗ ಅಮೆರಿಕದ ಪರ ಮೊದಲ ಗೋಲು ಜೀಜಿಯದು. ಇಪ್ಪತ್ತು ವರ್ಷಗಳ ಬಳಿಕ ಅಮೆರಿಕದ ಮಹಿಳೆಯರಿಗೆ ಚಿನ್ನ ಸಿಕ್ಕಿತು. ವಾರೋಡ್ ಶಾಲೆಯ ಹುಡುಗಿಯರ ತಂಡ 2010, 2011ರಲ್ಲಿ ರಾಜ್ಯ ಪ್ರಶಸ್ತಿ ಗೆದ್ದು, 2022 ಮತ್ತು 2023ರಲ್ಲಿ ಮತ್ತೆ ಗೆದ್ದಿತು.

ಹಣ ಎಲ್ಲಿಂದ?

ಬಾಡಿಗೆ ಇಲ್ಲವೆಂದರೆ ಖರ್ಚಿಲ್ಲವೆಂದಲ್ಲ. ಐಸ್ ಹೆಪ್ಪುಗಟ್ಟಿಸುವ ಯಂತ್ರ, ವಿದ್ಯುತ್, ಐಸ್ ನುಣುಪು ಮಾಡುವ ಜಂಬೋನಿ ಗಾಡಿ ಎಲ್ಲಕ್ಕೂ ದುಡ್ಡು ಬೇಕು. ಇಲ್ಲಿ ಮಾರ್ವಿನ್ ಮನೆತನದ ಮಾತು ಬರಲೇಬೇಕು. 1912ರಲ್ಲಿ ಮರದ ವ್ಯಾಪಾರವಾಗಿ ಶುರುವಾದ ಅವರ ಸಂಸ್ಥೆ ಇಂದು ಕಿಟಕಿ, ಬಾಗಿಲು ತಯಾರಿಸುವ ದೊಡ್ಡ ಕಂಪನಿ. ಕಾರ್ಖಾನೆ ಊರಲ್ಲೇ ಇದೆ. 1961ರಲ್ಲಿ ಅದು ಬೆಂಕಿಗೆ ಆಹುತಿಯಾದಾಗಲೂ ಬೇರೆಡೆಗೆ ಹೋಗದೆ ಅಲ್ಲೇ ಮತ್ತೆ ಕಟ್ಟಿದರು. 2008ರ ಆರ್ಥಿಕ ಹಿಂಜರಿತದಲ್ಲಿ ನೌಕರರನ್ನು ಕೆಲಸದಿಂದ ತೆಗೆಯಲಿಲ್ಲವೆಂದು 2012ರಲ್ಲಿ ಅಧ್ಯಕ್ಷ ಒಬಾಮ ತಮ್ಮ ಪಕ್ಷದ ಸಮಾವೇಶದ ಭಾಷಣದಲ್ಲಿ ಈ ಊರಿನ ಹೆಸರೆತ್ತಿದ್ದರು. 1993ರಲ್ಲಿ ತೆರೆದ ಈಗಿನ ರಿಂಕ್ ‘ದ ಗಾರ್ಡನ್ಸ್’ ಎದ್ದು ನಿಂತದ್ದರ ಹಿಂದೆ ಊರವರ ದೇಣಿಗೆಯೂ ಈ ಮನೆತನದ ಕೊಡುಗೆಯೂ ಇವೆ.

ಹಾಗಾದರೆ ಇದೆಲ್ಲ ಒಂದು ಸಿರಿವಂತ ಮನೆತನದ ದಾನವಷ್ಟೇ ಎನ್ನಬಹುದೆ? ಪಕ್ಕದ ರೋಸೋ ಊರನ್ನು ನೋಡಿದರೆ ಹಾಗೆನ್ನಲು ಬರುವುದಿಲ್ಲ. ವಾರೋಡ್‌ನಿಂದ 35 ಕಿಲೋಮೀಟರ್ ದೂರದ ಆ ಊರು ಇವರ ಹುಟ್ಟು ಎದುರಾಳಿ. ಅಲ್ಲೂ ಮೂರು ಸಾವಿರ ಜನರಿಲ್ಲ. ಆದರೂ 1946ರಿಂದ 2007ರವರೆಗೆ ಏಳು ಸಲ ರಾಜ್ಯ ಚಾಂಪಿಯನ್. 1980ರ ಚಿನ್ನದ ತಂಡದ ನೀಲ್ ಬ್ರೋಟನ್ ಅಲ್ಲಿನವನು. ವಾರೋಡ್‌ಗೂ ಮೊದಲ ಚಿನ್ನ ಬಂದದ್ದು 1960ರಲ್ಲಿ. ಗಾರ್ಡನ್ಸ್ ಕಟ್ಟುವುದಕ್ಕೆ 33 ವರ್ಷ ಮೊದಲು, ನದಿಯ ಮೇಲೂ ಹಳೆಯ ರಿಂಕಿನಲ್ಲೂ ಕಲಿತ ಬಡಗಿಗಳಿಂದ. ದುಡ್ಡು ಆಮೇಲೆ ಬಂದು ವ್ಯವಸ್ಥೆಯನ್ನು ಗಟ್ಟಿಮಾಡಿತು, ಹುಟ್ಟಿಸಲಿಲ್ಲ.

ವಾರೋಡ್‌ನ ಚಳಿಯನ್ನಾಗಲಿ ಕಿಟಕಿ ಕಾರ್ಖಾನೆಯನ್ನಾಗಲಿ ಬೇರೆ ಊರಿನವರು ತರಲಾರರು. ಆದರೆ ಯಾವುದೇ ಆಟದಲ್ಲಿ ಮಕ್ಕಳ ತಂಡ ನಡೆಸುವವರು ಅಲ್ಲಿಂದ ಎರಡು ಪದ್ಧತಿಗಳನ್ನು ಖರ್ಚಿಲ್ಲದೆ ಎತ್ತಿಕೊಳ್ಳಬಹುದು. ತಂಡದ ಅಭ್ಯಾಸ ಮುಗಿದ ಮೇಲೆ ಮೈದಾನಕ್ಕೆ ಬೀಗ ಹಾಕದೆ ಮಕ್ಕಳಿಗೆ ಬಿಡುವುದು ಒಂದು. ಹತ್ತನೇ ವಯಸ್ಸಿಗೇ ಆಯ್ಕೆಯ ಹೆಸರಿನಲ್ಲಿ ಯಾರನ್ನೂ ಮನೆಗೆ ಕಳಿಸದಿರುವುದು ಇನ್ನೊಂದು. ಬರುವ ರಜೆಯ ಶಿಬಿರಕ್ಕೆ ಪಟ್ಟಿ ಸಿದ್ಧಮಾಡುವ ಮೊದಲು ಇವೆರಡನ್ನೂ ಒಮ್ಮೆ ಯೋಚಿಸಿ.